ಲೆಡ್‌ವಿಲ್‌ನ ಹಿತ್ತಲಲ್ಲಿ ಮೆಂತ್ಯ ಸೊಪ್ಪು: ನನ್ನ ಅನುಭವ

ಕೊಲೊರಾಡೋದ ಲೇಕ್ ಕೌಂಟಿಯಲ್ಲಿ ಸೊಪ್ಪು ಬೆಳೆಯುತ್ತದಾ ಅಂತ ಡೆನ್ವರ್ ಕಡೆಯ ಕನ್ನಡದವರು ಕೇಳುತ್ತಿರುತ್ತಾರೆ. ಬೆಳೆಯುತ್ತದೆ. ಆದರೆ ರಾತ್ರಿ ಆಕಾಶ ನೋಡುವ ಅಭ್ಯಾಸ ಬೇಕು.

ನಾನಿರುವ ಲೆಡ್‌ವಿಲ್ 3,000 ಮೀಟರಿಗಿಂತ ಎತ್ತರದಲ್ಲಿದೆ, ಬೆಂಗಳೂರಿನ ಮೂರು ಪಟ್ಟಿಗಿಂತ ಜಾಸ್ತಿ. ಪಶ್ಚಿಮಕ್ಕೆ ಮೌಂಟ್ ಎಲ್ಬರ್ಟ್, ಮೌಂಟ್ ಮ್ಯಾಸಿವ್. ಆ ಕಡೆಯಿಂದ ಬರುವ ಮೋಡ ಬೆಟ್ಟದ ಮೇಲೆಯೇ ಬಹುಪಾಲು ಸುರಿದುಬಿಡುತ್ತದೆ, ನಮಗೆ ಒಣ ಗಾಳಿ. ಸಹ್ಯಾದ್ರಿ ದಾಟಿದ ಮೇಲೆ ಚಿತ್ರದುರ್ಗದ ಕಡೆ ಆಗುವುದೂ ಇದೇ ಅಲ್ವಾ.

ಚಳಿಗಾಲದ ಯೋಚನೆ ನನಗಿಲ್ಲ, ಆಗ ಹಿತ್ತಲೆಲ್ಲ ಹಿಮ. ತಲೆನೋವು ಬೇಸಿಗೆಯ ರಾತ್ರಿಯದು. ಜುಲೈ ಮಧ್ಯಾಹ್ನ ಸುಮಾರು 22 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ 3-4ಕ್ಕೆ ಇಳಿಯುತ್ತದೆ, ಕೆಲವು ದಿನ ಎಲೆ ಮೇಲೆ ಮಂಜುಗಟ್ಟುವುದೂ ಉಂಟು. ಗಾಳಿ ತೆಳು, ತೇವ ಕಡಿಮೆ, ಹಗಲು ನೆಲ ಕುಡಿದ ಬಿಸಿ ಸೂರ್ಯ ಮುಳುಗಿದ್ದೇ ತಡ ಮೇಲಕ್ಕೆ ಹಾರಿಹೋಗುತ್ತದೆ. ಸಂಜೆ ಮೋಡ ಕವಿದರೆ ನಾನು ನೆಮ್ಮದಿಯಾಗಿ ಮಲಗುತ್ತೇನೆ. ನಕ್ಷತ್ರ ಚೆನ್ನಾಗಿ ಕಂಡರೆ ಗಿಡಕ್ಕೆ ಹೊದಿಸಲು ಎದ್ದು ಹೋಗುತ್ತೇನೆ.

ಪಾತಿ ಮಾಡಿದ್ದು ಮನೆಯ ದಕ್ಷಿಣ ಗೋಡೆಗೆ ಒತ್ತಿಕೊಂಡು. ಕೆಳಗಿನ ತಗ್ಗಿನಲ್ಲಿ ಜಾಗವೂ ಜಾಸ್ತಿ, ಮಣ್ಣೂ ಮೆತ್ತಗೆ, ಆದರೆ ತಣ್ಣನೆ ಗಾಳಿ ಭಾರ ನೋಡಿ, ರಾತ್ರಿ ಇಳಿಜಾರಿನಲ್ಲಿ ಹರಿದು ಬಂದು ಅಲ್ಲೇ ನಿಲ್ಲುತ್ತದೆ. ಹಾಲಿನ ಖಾಲಿ ಪ್ಲಾಸ್ಟಿಕ್ ಕ್ಯಾನ್‌ಗಳಿಗೆ ಕಪ್ಪು ಬಣ್ಣ ಬಳಿದು, ನೀರು ತುಂಬಿ ಸಾಲಿನ ನಡುವೆ ಇಟ್ಟೆ. ಹಗಲು ಕಾದ ನೀರು ರಾತ್ರಿಯಿಡೀ ನಿಧಾನಕ್ಕೆ ಬಿಸಿ ಬಿಡುತ್ತದೆ. ಮೇಲೆ ಬಾಗಿಸಿದ ಪೈಪು, ಅದರ ಮೇಲೆ ತೆಳು ಬಿಳಿ ಬಟ್ಟೆ. ಬಟ್ಟೆ ಎಲೆಗೆ ತಾಗಬಾರದು. ತಾಗಿದ ಕಡೆ ಎಲೆ ಬೆಳಿಗ್ಗೆಗೆ ಕಪ್ಪಾಗಿ, ನೀರುನೀರಾಗಿ ಜೋತು ಬೀಳುತ್ತದೆ. ಬಿಸಿಲು ಏರಿದ ಮೇಲೆ ಬಟ್ಟೆ ಸರಿಸುವುದನ್ನೂ ಮರೆಯಬೇಡಿ, ಒಳಗೆ ಸೆಕೆ ಶುರುವಾಗುತ್ತದೆ.

ಬಿಸಿಲೂ ಸುಮ್ನೆ ಬಿಡುವುದಿಲ್ಲ. ಇಷ್ಟು ಎತ್ತರದಲ್ಲಿ ಅದು ಚುರುಕು, ಮನೆಯೊಳಗೆ ಬೆಳೆಸಿದ ಎಳೆ ಸಸಿಯನ್ನು ಒಮ್ಮೆಲೇ ಹೊರಗಿಟ್ಟರೆ ಎಲೆ ಬೆಳ್ಳಗಾಗುತ್ತದೆ. ಅದಕ್ಕೇ ನಾನು ಮೆಂತ್ಯವನ್ನು ನೇರ ಪಾತಿಗೇ ಉದುರಿಸುತ್ತೇನೆ, ಜೂನ್ ಕಳೆಯುವ ಹೊತ್ತಿಗೆ. ನೀರು ಬೆಳಿಗ್ಗೆ ಮಾತ್ರ, ಒದ್ದೆ ಮಣ್ಣು ಹಗಲಿನ ಬಿಸಿಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಸಾಲಿನ ನಡುವೆ ಒಣಹುಲ್ಲು ಹಾಸದಿದ್ದರೆ ಮಧ್ಯಾಹ್ನಕ್ಕೇ ಮಣ್ಣು ಪುಡಿಪುಡಿ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುತ್ತದೆ, ಜೊತೆಗೆ ಆಲಿಕಲ್ಲು, ಆಗಲೂ ಅದೇ ಬಟ್ಟೆ ಕಾಪಾಡುತ್ತದೆ.

ಪಾಲಕ್, ಸಾಸಿವೆ ಸೊಪ್ಪು, ಮೂಲಂಗಿ, ಕೊತ್ತಂಬರಿ ಎಲ್ಲ ಆಗುತ್ತವೆ. ಬದನೆ, ಹಾಗಲದ ಆಸೆ ಬಿಡಿ. ಮೆಣಸಿನ ಗಿಡ ಕುಂಡದಲ್ಲಿ, ಕಿಟಕಿಯ ಒಳಗೆ. ಮೆಂತ್ಯವನ್ನು ಬೇರು ಸಮೇತ ಕೀಳದೆ ತುದಿ ಮಾತ್ರ ಚಿವುಟಿದರೆ ಮತ್ತೆ ಚಿಗುರುತ್ತದೆ, ಸೆಪ್ಟೆಂಬರ್ ಮಂಜು ಬೀಳುವ ಮುಂಚೆ ಇನ್ನೊಂದು ಸಲ ಬೇಳೆ ಸಾರಿಗೆ ಆಗುವಷ್ಟು ಸಿಗುತ್ತದೆ.