ಪಾರ್ಸರ್ ಎರರ್‌ನಲ್ಲಿ ಲೈನ್ ನಂಬರ್ ತಪ್ಪದಂತೆ ನೋಡಿಕೊಳ್ಳುವುದು

ಕೋರಮಂಗಲದ ಆಫೀಸೊಂದರಲ್ಲಿ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಬರೆದ ಬಸ್ ರೂಟಿನ ಕಾನ್ಫಿಗ್ ಫೈಲು ಲಿನಕ್ಸ್ ಸರ್ವರಿಗೆ ಹೋಯಿತೆನ್ನಿ. ತಪ್ಪಿರುವುದು 40ನೇ ಸಾಲಿನಲ್ಲಿ, ಫೈಲನ್ನು ಓದಿ ಬಿಡಿಸುವ ಪ್ರೋಗ್ರಾಂ, ಅಂದರೆ ಪಾರ್ಸರ್, ಹೇಳುವುದು 79. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಸಿಆರ್ (ಕ್ಯಾರೇಜ್ ರಿಟರ್ನ್), ಎಲ್‌ಎಫ್ (ಲೈನ್ ಫೀಡ್) ಎಂಬ ಎರಡು ಬೈಟ್ ಇಡುತ್ತದೆ. ಮೌಲ್ಯ 13 ಮತ್ತು 10. ಪಾರ್ಸರ್ ಎರಡನ್ನೂ ಬೇರೆ ಬೇರೆ ಎಣಿಸಿದೆ.

ಎಲ್ಲವನ್ನೂ ಮೊದಲೇ ಎಲ್‌ಎಫ್‌ಗೆ ಬದಲಿಸಿಬಿಡೋಣ ಅನ್ನಿಸುತ್ತದೆ. ಬೇಡ. ಸಾಲಿಗೊಂದು ಬೈಟ್ ಉದುರಿ, 101ನೇ ಸಾಲಿಗೆ ಬರುವಷ್ಟರಲ್ಲಿ ಆಫ್‌ಸೆಟ್ (ಫೈಲಿನ ಶುರುವಿನಿಂದ ಎಷ್ಟು ಬೈಟ್ ದೂರ ಎಂಬ ಲೆಕ್ಕ) 100 ಹಿಂದೆ ಬಿದ್ದಿರುತ್ತದೆ. ಅದನ್ನು ನಂಬಿ ಮೂಲ ಫೈಲನ್ನು ತಿದ್ದುವ ಟೂಲ್ ಇನ್ನೆಲ್ಲೋ ಕತ್ತರಿ ಹಾಕುತ್ತದೆ. ಪೈಥಾನ್‌ನ ಟೆಕ್ಸ್ಟ್ ಮೋಡ್ ಹೇಳದೆ ಕೇಳದೆ ಇದೇ ಕೆಲಸ ಮಾಡುತ್ತದೆ. ಫೈಲನ್ನು ಬೈಟ್‌ಗಳನ್ನು ಇದ್ದಂತೆಯೇ ಕೊಡುವ ಬೈನರಿ ಮೋಡ್‌ನಲ್ಲಿ ತೆರೆಯಿರಿ.

ಟೋಕನ್‌ನಲ್ಲಿ (ಪಾರ್ಸರ್ ಬಿಡಿಸಿಕೊಂಡ ಒಂದೊಂದು ಪದ ಅಥವಾ ಚಿಹ್ನೆಯಲ್ಲಿ) ಶುರು ಮತ್ತು ಕೊನೆಯ ಬೈಟ್ ಆಫ್‌ಸೆಟ್ ಇದ್ದರೆ ಸಾಕು. ಎರರ್ ಬಂದಾಗ ಮಾತ್ರ ಫೈಲನ್ನೊಮ್ಮೆ ಓದಿ, ಸಾಲುಗಳು ಶುರುವಾಗುವ ಜಾಗಗಳ ಪಟ್ಟಿ ಮಾಡಿ. ಮೊದಲ ನಮೂದು 0. ಎಲ್‌ಎಫ್ ಸಿಕ್ಕರೆ ಅದರ ಮುಂದಿನ ಬೈಟ್ ಹೊಸ ಸಾಲು. ಸಿಆರ್ ಸಿಕ್ಕರೆ ಮುಂದೆ ಎಲ್‌ಎಫ್ ಇದೆಯೇ ನೋಡಿ. ಇದ್ದರೆ ಎರಡನ್ನೂ ದಾಟಿ ಒಂದೇ ಸಾಲು ಎಣಿಸಿ. ಒಂಟಿ ಸಿಆರ್ ಕೂಡ ಸಾಲೇ, ಎಡಿಟರುಗಳು ಭಾಷಾ ಟೂಲ್‌ಗಳೊಡನೆ ಮಾತಾಡುವ ಲ್ಯಾಂಗ್ವೇಜ್ ಸರ್ವರ್ ಪ್ರೊಟೊಕಾಲ್ ಹಾಗೇ ಎಣಿಸುತ್ತದೆ. ಆಮೇಲೆ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕುವ ಬೈನರಿ ಸರ್ಚ್: ಆಫ್‌ಸೆಟ್ ಮೀರದ ಅತಿ ದೊಡ್ಡ ನಮೂದೇ ನಿಮ್ಮ ಸಾಲು. ಫೈಲನ್ನು ತುಂಡುತುಂಡಾಗಿ ಓದುವವರು ಎಚ್ಚರ: ಸಿಆರ್ ಒಂದು ತುಂಡಿನ ಕೊನೆಗೆ, ಎಲ್‌ಎಫ್ ಮುಂದಿನದರ ಶುರುವಿಗೆ ಬೀಳಬಹುದು.

ಸಾಲನ್ನು ಪ್ರಿಂಟ್ ಮಾಡುವಾಗ ಕೊನೆಯ ಸಿಆರ್ ತೆಗೆಯಿರಿ. ಉಳಿದರೆ ಟರ್ಮಿನಲ್‌ನ ಕರ್ಸರ್ ಸಾಲಿನ ತಲೆಗೆ ಹಿಂದಿರುಗುತ್ತದೆ, ಅದೇ ಸಾಲಿನಲ್ಲಿ ಮುಂದೆ ಬರೆದದ್ದು ಹಿಂದಿನದನ್ನು ನುಂಗುತ್ತದೆ.

ಕಾಲಂ, ಅಂದರೆ ಸಾಲಿನೊಳಗಿನ ಸ್ಥಾನ, ಇನ್ನೂ ತಕರಾರಿನದು. "ಬೆಂಗಳೂರು" ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ 24 ಬೈಟ್, 8 ಕೋಡ್‌ಪಾಯಿಂಟ್ (ಯುನಿಕೋಡ್ ಸಂಖ್ಯೆ), ಕಣ್ಣಿಗೆ 4 ಅಕ್ಷರ. ಎಡಿಟರಿಗೆ ಕಳಿಸುವುದಾದರೆ ಲ್ಯಾಂಗ್ವೇಜ್ ಸರ್ವರ್ ಪ್ರೊಟೊಕಾಲ್‌ನ ರೂಢಿ ಯುಟಿಎಫ್-16 ಲೆಕ್ಕ, ಅದೂ 0ಯಿಂದ. ಮನುಷ್ಯರಿಗೆ 1ರಿಂದ ಹೇಳಿ. ಸಾಲಿನ ಕೆಳಗೆ ತಪ್ಪಿನ ಜಾಗ ತೋರಿಸುವ ಬಾಣದ ಗುರುತಿಗೆ ಮುಂಚೆ ಮೂಲ ಸಾಲಿನ ಟ್ಯಾಬ್‌ಗಳನ್ನು ಟ್ಯಾಬ್ ಆಗಿಯೇ ಇಡಿ. ಕನ್ನಡ ಅಕ್ಷರದ ಅಗಲ ಟರ್ಮಿನಲ್‌ನಿಂದ ಟರ್ಮಿನಲ್‌ಗೆ ಬದಲಾಗುವುದರಿಂದ ಬಾಣವೊಂದನ್ನೇ ನೆಚ್ಚಬೇಡಿ, ತಪ್ಪಾದ ಟೋಕನ್ನನ್ನೂ ಮೆಸೇಜಿನಲ್ಲಿ ಬರೆಯಿರಿ.

ಫೈಲ್ ಅರ್ಧಕ್ಕೆ ಮುಗಿದ ಎರರ್‌ನಲ್ಲಿ ಆಫ್‌ಸೆಟ್ ಫೈಲಿನ ಉದ್ದಕ್ಕೆ ಸಮ. ಕೊನೆಯಲ್ಲಿ ಎಲ್‌ಎಫ್ ಇದ್ದರೆ ಬಾಣ ಖಾಲಿ ಸಾಲಿಗೆ ಹೋಗುತ್ತದೆ. ಬರಹವಿರುವ ಕೊನೆಯ ಸಾಲಿನ ತುದಿಗೆ ತನ್ನಿ.

ಟೆಸ್ಟ್‌ಗಳಿಗೆ ಫೈಲ್ ಬೇಡ, ಕೋಡ್‌ನ ಆವೃತ್ತಿಗಳನ್ನಿಡುವ ಗಿಟ್, ಫೈಲುಗಳನ್ನು ಹೊರತೆಗೆಯುವ ಚೆಕ್‌ಔಟ್ ವೇಳೆ ಸಾಲಿನ ಕೊನೆಗಳನ್ನು ಬದಲಿಸಿಬಿಡಬಹುದು. ಬೈಟ್‌ಗಳನ್ನು ಟೆಸ್ಟ್ ಕೋಡ್‌ನಲ್ಲೇ ಬರೆಯಿರಿ. ಒಂದೇ ಇನ್‌ಪುಟ್ ಎಲ್‌ಎಫ್, ಸಿಆರ್‌ಎಲ್‌ಎಫ್, ಒಂಟಿ ಸಿಆರ್ ಮೂರರಲ್ಲೂ ಅದೇ ಸಾಲು, ಅದೇ ಕಾಲಂ ಕೊಡಬೇಕು. ಇದರ ಜೊತೆಗೆ ಮೂರೂ ಬೆರೆತ ಟೆಸ್ಟ್ ಒಂದು, ಕೊನೆಯ ಸಾಲಿನ ತುದಿಗೆ ಸಿಆರ್, ಎಲ್‌ಎಫ್ ಏನೂ ಇಲ್ಲದ್ದು ಇನ್ನೊಂದು ಇರಲಿ.