ಪೇಟಿ ಮಾಸ್ತರ್ಕಿ ಅಂದ್ರ ಬರೇ ಪೇಟಿ ಬಾರ್ಸೋದಲ್ಲ

ನಮ್ ಕಡೆ ಹಾರ್ಮೋನಿಯಂಗೆ ಪೇಟಿ ಅಂತಾರ, ಬಾರ್ಸಾಂವ ಪೇಟಿ ಮಾಸ್ತರ. ಆದ್ರ ಬರೇ ಬಾರ್ಸಿದ್ರ ಮಾಸ್ತರ ಆಗೂದಿಲ್ಲ. ಊರ ಜಾತ್ರಿಗೆ ನಾಟಕ ಹಚ್ಚಿದ್ರಂದ್ರ ಪಾರ್ಟ್ ಹಂಚೋದು, ಮಾತು ಕಲ್ಸೋದು, ಹಾಡಿಗೆ ಧಾಟಿ ಕೂಡ್ಸೋದು, ಯಾರು ಯಾರ ಮ್ಯಾಲ ಮುನಿಸ್ಕೊಂಡು ತಾಲೀಮಿಗೆ ಬಂದಿಲ್ಲೋ ಅವ್ರ ಮನಿಗೆ ಹೋಗಿ ಚಾ ಕುಡ್ದು ಕರ್ಕೊಂಡ್ ಬರೋದು, ಎಲ್ಲಾ ಅವನ ತಲಿ ಮ್ಯಾಲ. ನಾನು ಈ ಕೆಲಸಕ್ಕ ಬಿದ್ದು ಹತ್ತಿರ ಹತ್ತಿರ ಇಪ್ಪತ್ತು ವರ್ಷ ಆತು. ಊರು ಬದಾಮಿ ತಾಲೂಕ, ಮಲಪ್ರಭಾ ದಂಡಿ. ಎರಡೆಕರೆ ಹೊಲ ಐತಿ, ಅದಕ್ಕ ಹೊಟ್ಟಿ ನಡೀತೈತಿ, ಪೇಟಿ ಮ್ಯಾಲ ನಡಿಯಂಗಿಲ್ಲ, ಅದನ್ನ ಮೊದ್ಲ ಹೇಳಿಬಿಡ್ತೀನಿ.

ಹುಚ್ಚು ಹತ್ತಿದ್ದು ಬನಶಂಕರಿ ಜಾತ್ರ್ಯಾಗ. ಬನದ ಹುಣ್ಣಿವಿಗೆ ತೇರು ಎಳದ್ರ ಅಲ್ಲಿಂದ ತಿಂಗಳಗಟ್ಟಲೆ ನಾಟಕ ಕಂಪನಿಗೋಳು ತಗಡಿನ ಥೇಟರ್ ಹಾಕ್ಕೊಂಡು ಕುಂತಿರ್ತಾವ, ಒಂದರ ಬಾಜೂಕ ಒಂದು, ಒಬ್ಬರ ಮೈಕ್ ಒಬ್ಬರಿಗೆ ಕೇಳ್ತಿರ್ತೈತಿ. ಅಪ್ಪ ಎಲ್ಲಾರನ್ನೂ ಚಕ್ಕಡಿಯಾಗ ಕರ್ಕೊಂಡ್ ಹೋಗ್ತಿದ್ದ. ಎಲ್ಲಾರೂ ಸ್ಟೇಜ್ ನೋಡಿದ್ರ ನಾನು ಕೆಳಗ ಪೇಟಿಯವನ ಕಾಲು ನೋಡ್ತಿದ್ದೆ. ಕಾಲ್ಪೇಟಿ ಅದು, ಕಾಲಿಂದ ಗಾಳಿ ತುಳೀಬೇಕು, ಎರಡೂ ಕೈ ಖಾಲಿ ಸಿಗ್ತಾವ, ಹೊಲಿಗಿ ಮಷಿನ್ ತುಳಿಯೋ ಸಿಂಪಿಗ್ಯಾನಂಗ ಕಾಣ್ತಿದ್ದ ಆ ಮನಷ್ಯಾ.

ಕಲಿಸಿದ್ದು ನಮ್ ಪಕ್ಕದೂರಿನ ಒಬ್ರು ಅಜ್ಜಾರು, ಕಣ್ಣು ಕಾಣ್ತಿರ್ಲಿಲ್ಲ, ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಬೆಳೆದವ್ರು. ಪಂಚಾಕ್ಷರಿ ಗವಾಯಿಗಳು ಕಟ್ಟಿದ ಆಶ್ರಮ, ಆಮ್ಯಾಲ ಪುಟ್ಟರಾಜ ಗವಾಯಿಗಳು ನಡೆಸಿದ್ರು, ಸಂಗೀತದ ಜೋಡಿ ಅವ್ರದ್ದ ನಾಟಕ ಕಂಪನಿನೂ ಇತ್ತು, ಕಣ್ಣಿಲ್ಲದ ಹುಡುಗ್ರು ಅಲ್ಲಿ ಪೇಟಿ ತಬಲಾ ಕಲ್ತು ಊರೂರಿಗೆ ಹೋಗ್ಯಾರ. ನಮ್ಮ ಅಜ್ಜಾರು ಮೊದಲ್ನೇ ವರ್ಷ ಒಂದು ಹಾಡೂ ಕಲಿಸಲಿಲ್ಲ. ಸರಿಗಮ, ಅದರದ್ದು ಅಲಂಕಾರ ಅಂದ್ರ ಸ್ವರ ತಿರುವಿ ಮುರುವಿ ಬಾರ್ಸೋ ಪಾಠ, ಅದ ಅಲಂಕಾರ ಹನ್ನೆರಡು ಮನಿಯಿಂದನೂ ಬಾರ್ಸು ಅಂತಿದ್ರು. ಮನಿ ಅಂದ್ರ ಪೇಟಿಯ ಕೀ, ಕಪ್ಪು ಕೀಗೆ ಕರಿ, ಬೆಳ್ಳಗಿಂದಕ್ಕ ಬಿಳಿ ಅಂತ ನಂಬರ್ ಹಚ್ಚಿ ಹೇಳ್ತೀವಿ. ಇವತ್ತು ಕರಿ ಒಂದರ ಮ್ಯಾಲ ಸಾ, ನಾಳೆ ಬಿಳಿ ಎರಡರ ಮ್ಯಾಲ ಸಾ, ನಾಡದು ಕರಿ ಎರಡು. ಬ್ಯಾಸರಾಗಿ ಎರಡು ಸಲ ಬಿಟ್ಟು ಓಡಿದ್ದೆ. ಅದೆಲ್ಲ ಯಾಕ ಮಾಡಿಸಿದ್ರು ಅನ್ನೋದು ಮುಂದ ಒಂದು ನಾಟಕದಾಗ ತಿಳೀತು.

ಒಮ್ಮೆ ಅವ್ರು ನಕ್ಕೋತ ಹೇಳಿದ್ರು, ಈ ಪೇಟಿಗೆ ಆಕಾಶವಾಣಿಯವ್ರು 1940ರಾಗ ಬಾಗ್ಲಾ ಹಾಕಿ 1971ರ ತನಕ ತೆಗೀಲಿಲ್ಲಪಾ, ಧಾರವಾಡ ಸ್ಟೇಷನ್ 1950ರಾಗ ಶುರುವಾದ್ರೂ ಪೇಟಿಗೆ ಜಾಗಾ ಇಲ್ಲ ಅಂತ. ಮೀಂಡ ಬರಂಗಿಲ್ಲ, ಸ್ವರ ಸರೀ ಇಲ್ಲ, ಪರದೇಶದ ವಾದ್ಯ ಅನ್ನೋದು ಅವ್ರ ತಕರಾರು. ಮೀಂಡ ಬರಂಗಿಲ್ಲ ಅನ್ನೋದು ಖರೇನ ಐತಿ, ಒಂದು ಮನಿಯಿಂದ ಇನ್ನೊಂದಕ್ಕ ಜಿಗೀಬೇಕು, ಜಾರಾಕ ಆಗೂದಿಲ್ಲ. ಆದ್ರ ಹಳ್ಳಿ ನಾಟಕದಾಗ ಆ ವಾದ ಯಾರಿಗೆ ಬೇಕಾಗೈತ್ರಿ, ಮೈಕ್ ಕೆಟ್ಟ ರಾತ್ರಿ ಕೊನೀ ಸಾಲಿನ ತನಕ ಕೇಳಿದ್ದು ಪೇಟಿ ಒಂದ.

ಈಗ ಅಸಲಿ ಕೆಲಸದ ಮಾತಿಗೆ ಬರ್ತೀನಿ. ಹಳ್ಳಿ ನಾಟಕದಾಗ ಹೀರೋ ಆಗಾಂವ ಹಾಡುಗಾರ ಅಲ್ಲ. ರೊಕ್ಕ ಜಾಸ್ತಿ ಕೊಟ್ಟಾಂವ, ಇಲ್ಲಾ ಮೈಕಟ್ಟು ಇದ್ದಾಂವ, ಇಲ್ಲಾ ಗೌಡ್ರ ಅಳಿಯ. ಅವನಿಗೆ ನಾಲ್ಕು ಹಾಡು ಇರ್ತಾವ, ನಾಟಕದ ಪುಸ್ತಕದಾಗ ಬರೇ ಸಾಹಿತ್ಯ, ಮ್ಯಾಲ ಧಾಟಿ ಅಂತ ಯಾವುದೋ ಹಳೀ ಹಾಡಿನ ಹೆಸರು, ಆ ಹಾಡು ಯಾರಿಗೂ ನೆನಪಿರಂಗಿಲ್ಲ. ಹಾಡಪಾ ಅಂದ್ರ ನಾಚಿಗ್ಗೆ ದನಿನ ಹೊರಗ ಬರಂಗಿಲ್ಲ. ಮೊದ್ಲ ಮೊದ್ಲ ನಾನು ಎಲ್ಲಾರಿಗೂ ಕರಿ ಎರಡು ಹಿಡಿತಿದ್ದೆ, ನನಗ ಬಾರ್ಸಾಕ ಹಗೂರ ಅಂತ. ಅವ್ರು ಮ್ಯಾಲಿನ ಸ್ವರಕ್ಕ ಹೋದಾಗ ಕುತ್ತಿಗಿ ನರ ಎದ್ದು ಕಾಣ್ತಿದ್ದು, ಜನ ನಗ್ತಿದ್ರು, ತಪ್ಪು ನಂದು.

ಆಮ್ಯಾಲ ಒಂದು ಉಪಾಯ ಸಿಕ್ತು. ಹಾಡಾಕ ಹಚ್ಚೋದ ಬ್ಯಾಡ. ಹೊಲದಾಗ ಆ ಕಡೆ ಬದುವಿನ ಮ್ಯಾಲಿರೋ ತಮ್ಮನ್ನ ಕರೀತೀಯಲ್ಲ, ಹಂಗ ಒಂದ್ಸಲ ಕರಿ ಅಂತೀನಿ. "ಏ ತಮ್ಮಾsss" ಅಂತಾನ. ಅದು ಅವನ ಗಟ್ಟಿ ದನಿ, ನಾಚಿಗಿ ಇಲ್ಲದ್ದು, ದಿನಾ ಕೂಗಿ ಕೂಗಿ ಪಳಗಿದ್ದು. ಆ ಕೂಗು ಪೇಟಿ ಮ್ಯಾಲ ಎಲ್ಲಿ ಐತಿ ಅಂತ ಬೆರಳಲೆ ಹುಡುಕ್ತೀನಿ. ಕರಿ ನಾಲ್ಕರ ಮ್ಯಾಲ ಸಿಕ್ತಂದ್ರ ಅದನ್ನ ಅವನ ಪಾ ಮಾಡ್ತೀನಿ, ಕೆಳಗ ಇಳದ್ರ ಕರಿ ಒಂದು ಅವನ ಸಾ. ಹಾಡಿನ ಎತ್ತರದ ಸಾಲು ಆ ಕೂಗಿನ ಆಸುಪಾಸಿನ್ಯಾಗ ಬರೋಹಂಗ ಧಾಟಿನ ತಿದ್ದಿಬಿಡ್ತೀನಿ. ಅಂಗಿ ಹೊಲದಂಗ, ಮೈ ಅಳತಿ ತಗೊಂಡ ಮ್ಯಾಲ ಬಟ್ಟಿ ಕತ್ತರಿಸೋದು. ಅಂಥ ಹಾಡು ದೊಡ್ಡ ರಾಗ ಏನಲ್ಲ, ಮ್ಯಾಲ ಎರಡು ಕೆಳಗ ಎರಡು ಸ್ವರ, ಆದ್ರ ಆತ ಅದನ್ನ ಹಾಡಿದಾಗ ಅವನ ಹೆಂಡ್ತಿ ಸೈತ ಬಾಯಿ ತಕ್ಕೊಂಡು ನೋಡ್ತಾಳ.

ತಲಿಬ್ಯಾನಿ ಇರೋದು ಡ್ಯುಯೆಟ್‌ನ್ಯಾಗ. ಹೀರೋಯಿನ್ ಪಾರ್ಟಿಗೆ ಹೊರಗಿಂದ ಕಲಾವಿದೆಯರನ್ನ ಕರಸ್ತೇವಿ, ಕಂಪನಿ ನಾಟಕದಾಗ ಪಳಗಿದವ್ರು, ಅವ್ರು ಬರೋದು ನಾಟಕದ ದಿನಾನ, ಭಾಳಂದ್ರ ಹಿಂದಿನ ದಿನ ಸಂಜಿಗೆ, ಬಸ್ ಇಳದು ಮುಖಾ ತೊಳದು ಸೀದಾ ತಾಲೀಮಿಗೆ. ಒಂದು ನಾಟಕದಾಗ ಬಂದಾಕಿ ನಂದು ಕರಿ ನಾಲ್ಕು ಮಾಸ್ತರ ಅಂದ್ಲು. ಹೀರೋ ಮೂರು ತಿಂಗಳಿಂದ ಕರಿ ಒಂದರ ಮ್ಯಾಲ ಕಲ್ತಾನ, ಅವನನ್ನ ಒಂದು ಮನಿ ಸರಸಿದ್ರೂ ಮಗ್ಗಿ ಮರೆತ ಹುಡುಗನಂಗ ಆಗ್ತಾನ. ನನಗ ಬೆವರು. ಆಗ ಅಜ್ಜಾರು ಹಿಂದ ಕುಂತಿದ್ರು, ಕರಿ ಮೂರಕ್ಕ ಒಪ್ಸು ಆಕೀನ್ನ ಅಂದ್ರು, ಅಷ್ಟ. ಅವನ ಸಾ ಕರಿ ಒಂದು, ಅವನ ಮಾ ಕರಿ ಮೂರು, ಆ ಮಾ ನ ಆಕೀ ಸಾ. ಅವನ ಸಾಲು ಮುಗದ ಮ್ಯಾಲ ನಾನು ನಡಕ ನಾಲ್ಕು ಮಾತ್ರೆ ಬಾರ್ಸಿ ಮಾ ಮ್ಯಾಲ ನಿಲ್ಲಬೇಕು, ಆಕಿ ಅದನ್ನ ಸಾ ಅಂತ ಹಿಡ್ಕೊಂಡು ಎತ್ತಬೇಕು. ತಬಲಾ ಕರಿ ಒಂದಕ್ಕ ಕೂಡ್ಸಿತ್ತಲ್ಲ, ಅದೇನ್ ಮಾಡೋದು ಅಂತ ನಾನು ಕೇಳಿದೆ. ಹುಚ್ಚಾ, ಕರಿ ಒಂದು ಆಕೀಗೆ ಪಾ ಆಗ್ತೈತಿ, ತಬಲಾ ಪಾ ಮ್ಯಾಲ ಇದ್ರ ಯಾರ್ ಬ್ಯಾಡ ಅಂತಾರ ಅಂದ್ರು. ಹನ್ನೆರಡು ಮನಿ ಅಲಂಕಾರ ಯಾಕ ಬಾರಿಸಿದ್ದು ಅಂತ ಅವತ್ತು ತಿಳೀತು. ರಾತ್ರಿ ಆ ಹಾಡಿಗೆ ಎರಡು ಸಲ ಒನ್ಸ್‌ಮೋರ್ ಬಿತ್ತು, ಆಯೇರಿ ಮಾಡಾಕ ಜನ ಎದ್ದು ಸ್ಟೇಜಿಗೆ ಬಂದ್ರು, ಹೀರೋನ ಸೋದರಮಾವ ಟವೆಲ್ಲು ಹಾಕಿ ಐನೂರ ರೂಪಾಯಿ ಎದಿಗೆ ಪಿನ್ ಚುಚ್ಚಿ ಮೈಕಿನ್ಯಾಗ ತನ್ನ ಹೆಸರು ಮೂರು ಸಲ ಹೇಳ್ಸಿದ. (ಆಯೇರಿ ಬಗ್ಗೆ ನನಗ ಸಿಟ್ಟು ಐತಿ, ಸಾಯೋ ಸೀನಿನ್ಯಾಗ ಹೆಣಕ್ಕ ಮಾಲಿ ಹಾಕಾಕ ಬಂದವ್ರನ್ನೂ ನೋಡೀನಿ, ಹೆಣ ಎದ್ದು ಕೈ ಮುಗೀತು.) ಅವತ್ತು ನನಗ ಸಿಕ್ಕಿದ್ದು 1,500 ರೂಪಾಯಿ, ಮೂರು ತಿಂಗಳಿಗೆ.

2019ರ ಆಗಸ್ಟಿನ್ಯಾಗ ಮಲಪ್ರಭಾ ಊರೊಳಗ ಬಂತು. ಪಟ್ಟದಕಲ್ಲಿನ ಗುಡಿ ಒಳಗ ನೀರು ನಿಂತ ಫೋಟೋ ಎಲ್ಲಾರೂ ನೋಡೀರಿ, ಅದ ನೀರು. ದನಾ, ಜೋಳದ ಚೀಲ, ಅವ್ವನ ಗುಳಿಗಿ ತಗೊಂಡು ಎತ್ತರಕ್ಕ ಹೋದ್ವಿ, ಪೇಟಿ ಮರೆತೆ. ಮರೆತೆ ಅನ್ನೋದು ಸುಳ್ಳು, ನೆನಪಿತ್ತು, ಕೈಯಾಗ ಜಾಗಾ ಇರ್ಲಿಲ್ಲ. ತಿರುಗಿ ಬಂದಾಗ ಅದು ಅಡಿಗಿ ಮನಿ ಬಾಗ್ಲದಾಗ ಮಗಚಿ ಬಿದ್ದಿತ್ತು, ತೆಗದ್ರ ಒಳಗ ಬೊಗಸಿಗಟ್ಟಲೆ ರಾಡಿ.

ಗಡಿಬಿಡಿಯಾಗ ಬಿಸಲಾಗ ಇಟ್ಟೆ, ಅದ ದೊಡ್ಡ ತಪ್ಪು. ಕಟ್ಟಿಗಿ ಒಮ್ಮೆಲೆ ಒಣಗಿ ಸೀಳು ಬಿಡ್ತು, ಗಾಳಿ ಊದೋ ಭಾತೆ ಅಂಟು ಕಿತ್ತು ಗಾಳಿ ನಿಲ್ಲಲಾರದಂಗಾತು. ಕೀ ಕೆಳಗಿನ ಸ್ಪ್ರಿಂಗ್ ಎಲ್ಲಾ ಜಂಗು. ಆದ್ರ ರೀಡು, ಅಂದ್ರ ಗಾಳಿಗೆ ನಡುಗಿ ಸ್ವರ ಹೊರಡಿಸೋ ತೆಳ್ಳನ್ನ ನಾಲಿಗಿ ಇರೋ ಪಟ್ಟಿ, ಹಿತ್ತಾಳಿವು, ಉಳಕೊಂಡಿದ್ವು. ಹಳೀ ಪಾಲಿತಾಣಾ ರೀಡು, ಗುಜರಾತಿನವು. ಒಂದೊಂದನ್ನ ಬಿಚ್ಚಿ ಮೆತ್ತನ್ನ ಬ್ರಶ್ಶಿನಿಂದ ತೊಳದು, ನಾಲಿಗಿ ಕೆಳಗ ತೆಳ್ಳನ್ನ ಹಾಳಿ ತೂರ್ಸಿ ಮಣ್ಣು ತೆಗದೆ. ರಿಪೇರಿ ಅಂಗಡಿಯವ್ರು ಒಬ್ರು ರೀಡು ಪೂರಾ ಬದಲಿ ಮಾಡ್ಬೇಕು, ಹಳೇವು ಬಿಟ್ಟು ಹೋಗ್ರಿ ಅಂದ್ರು, ಬಿಟ್ಟಿದ್ರ ನನ್ನ ರೀಡು ಇನ್ನೊಬ್ರ ಪೇಟಿಯಾಗ ಹಾಡ್ತಿದ್ವು. ವಾಪಸ್ ತಂದೆ. ಸ್ವರ ಕೂಡ್ಸೋದು ಅಜ್ಜಾರ ಮುಂದ ಕುಂತು ಮಾಡಿದೆ. ನಾಲಿಗಿ ತುದಿ ಕೆರದ್ರ ಸ್ವರ ಏರ್ತೈತಿ, ಬುಡ ಕೆರದ್ರ ಇಳೀತೈತಿ, ಬ್ಲೇಡಿನಿಂದ ಕೂದಲೆಳಿ ಅಷ್ಟ. ಜೋಡಿ ರೀಡು ಕೂಡಿ ಬಾರ್ಸಿದಾಗ ಸ್ವರ ಹೊಂದಿಲ್ಲಂದ್ರ ವಂಯ್ ವಂಯ್ ವಂಯ್ ಅಂತ ಅಲಿ ಏಳ್ತೈತಿ, ಕೆರಕೋತ ಹೋದಂಗ ವಂsಯ್... ವಂsssಯ್... ಅಂತ ನಿಧಾನ ಆಗ್ತೈತಿ, ಆಮ್ಯಾಲ ಒಂದು ಕ್ಷಣಕ್ಕ ಸುಮ್ಮ ನಿಂತುಬಿಡ್ತೈತಿ. ಅಜ್ಜಾರು ಆ ಕ್ಷಣಕ್ಕ ಕೈ ಎತ್ತತಿದ್ರು. ಒಂದು ರೀಡು ನಾನು ಆಸಿಗೆ ಇನ್ನೊಂದೀಟು ಕೆರದು ಮುರದೆ, ಅವ್ರು ಬೈಲಿಲ್ಲ, ಅದು ಇನ್ನಾ ಬ್ಯಾಸರ. ಮುಂದಿನ ವರ್ಷ ಕೊರೋನಾ, ಜಾತ್ರಿ ಇಲ್ಲ, ನಾಟಕ ಇಲ್ಲ. ಅದ ಹೊತ್ತಿನ್ಯಾಗ ಅಜ್ಜಾರು ಹೋದ್ರು.

ಈಗ ಭಾಳ ಊರಾಗ ಕೀಬೋರ್ಡ್ ಮತ್ತ ರಿದಂ ಪ್ಯಾಡ್. ಟ್ರಾನ್ಸ್‌ಪೋಸ್ ಬಟನ್ ಒತ್ತಿದ್ರ ಯಾವ ಶ್ರುತಿ ಬೇಕು ಅದು, ಹನ್ನೆರಡು ಮನಿ ಅಲಂಕಾರ ಬೇಕಾಗಿಲ್ಲ. ನಾನೂ ಒಂದು ತಗೊಂಡೀನಿ, ಕಾಮಿಡಿ ಸೀನಿಗೆ ಅದ ಚಲೋ, ಜನಕ್ಕ ಸೌಂಡ್ ಬೇಕು. ಹಾಡಿಗೆ ಮಾತ್ರ ಪೇಟಿನ. ಯಾಕಂದ್ರ ಹಾಡಾಂವ ಉಸಿರು ಬಿಟ್ಟು ಒಂದು ಸಾಲು ತಡಾ ಮಾಡಿದ್ರ ನಾನು ಭಾತೆ ಹಿಡದು ಅವನಿಗೆ ಕಾಯಬಹುದು.

ಈ ವರ್ಷ ಹೀರೋ ಟ್ರ್ಯಾಕ್ಟರ್ ಹೊಡಿಯೋ ಹುಡುಗ. ಹೊಲದಾಗ ಯಾರನ್ನೂ ಕೂಗಂಗಿಲ್ಲ, ಫೋನ್ ಹಚ್ತಾನ. ತಮ್ಮನ್ನ ಕರಿ ಅಂದ್ರ ಕಿಸೆಗೆ ಕೈ ಹಾಕ್ದ. ತಾಲೀಮು ಶುರುವಾಗಿ ಹದಿನೈದು ದಿನ ಆತು, ಅವನ ಸಾ ಇನ್ನೂ ಸಿಕ್ಕಿಲ್ಲ.