500 ಗ್ರಾಂ ತಡೆದೀತೇ? ಏರ್ ಪಿಸ್ತೂಲಿನ ಟ್ರಿಗರ್ ತೂಕ ಅಳೆಯುವ ಬಗೆ

10 ಮೀಟರ್ ಏರ್ ಪಿಸ್ತೂಲಿನ ಟ್ರಿಗರ್ ಬಿಟ್ಟುಕೊಳ್ಳದೆ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು ಎನ್ನುತ್ತದೆ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮ. 25 ಮೀಟರ್ ಪಿಸ್ತೂಲುಗಳಿಗೆ ಇದು 1000 ಗ್ರಾಂ. 50 ಮೀಟರ್ ಪಿಸ್ತೂಲಿಗೆ ಮಿತಿಯೇ ಇಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದ ಮೇಲೆ ಹಾಸನದಲ್ಲೂ ಏರ್ ಪಿಸ್ತೂಲು ಹಿಡಿಯುವ ಮಕ್ಕಳು ಕಾಣಿಸುತ್ತಿದ್ದಾರೆ. ಗುರಿ ಚೆನ್ನಾಗಿಯೇ ಇರುತ್ತದೆ. ಬೆಂಗಳೂರಿನ ಸ್ಪರ್ಧೆಗೆ ಹೋಗಿ ಉಪಕರಣ ತಪಾಸಣೆಯ ಮೇಜಿನ ಮುಂದೆ ನಿಂತಾಗ ಮಾತ್ರ ‘ಮನೆಯಲ್ಲಿ ಸರಿಯಾಗಿತ್ತು ಸರ್’ ಎನ್ನುತ್ತಾರೆ. ಸರಿಯಾಗಿರಲಿಲ್ಲ, ಅಳೆದ ರೀತಿಯೇ ತಪ್ಪಾಗಿತ್ತು.

ಬಟ್ಟು

ನಿಯಮ ಕೇಳುವುದು ಸ್ಪ್ರಿಂಗ್ ಇಲ್ಲದ, ಬರೀ ಜಡಭಾರದ ಬಟ್ಟು. ಅದರ ಕೊಕ್ಕೆಯ ತುದಿಯಲ್ಲಿ ಟ್ರಿಗರ್ ಮೇಲೆ ಕೂರುವ ಲೋಹದ ಅಥವಾ ರಬ್ಬರಿನ ಅಂಚು ಇರಬೇಕು. ಉರುಳುವ ರೋಲರ್ ಇರಕೂಡದು. ಸಕಲೇಶಪುರ, ಆಲೂರಿನ ತೋಟಗಳಲ್ಲಿ ಕಾಫಿ ಹಣ್ಣು ತೂಗುವ ಕೊಕ್ಕೆ ತಕ್ಕಡಿಯನ್ನು ಟ್ರಿಗರ್‌ಗೆ ಸಿಕ್ಕಿಸಿ ಎಳೆಯುವವರನ್ನು ನೋಡಿದ್ದೇನೆ. ಹತ್ತಾರು ಕಿಲೋ ತೂಗಲು ಮಾಡಿದ ಸ್ಪ್ರಿಂಗಿಗೆ 20 ಗ್ರಾಂ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಡಿಜಿಟಲ್ ಲಗೇಜ್ ತಕ್ಕಡಿಯನ್ನಂತೂ ಮುಟ್ಟಲೇಬೇಡಿ. ಅಂಕಿ ಸ್ಥಿರವಾಗುವ ಮೊದಲೇ ಟ್ರಿಗರ್ ಬಿಟ್ಟುಕೊಂಡಿರುತ್ತದೆ.

ಲೇತ್ ಅಂಗಡಿಯಲ್ಲಿ ಮಾಡಿಸಿಕೊಳ್ಳುವುದೇ ವಾಸಿ. 40 ಮಿ.ಮೀ. ವ್ಯಾಸದ ಹಿತ್ತಾಳೆ ಸರಳು ಸುಮಾರು 47 ಮಿ.ಮೀ. ಉದ್ದವಿದ್ದರೆ 500 ಗ್ರಾಂ ಆಗುತ್ತದೆ. ಕೊಕ್ಕೆಯ ತೂಕವೂ ಇದರಲ್ಲೇ ಸೇರಬೇಕಾದ್ದರಿಂದ ಸರಳು ಇನ್ನಷ್ಟು ಗಿಡ್ಡವಾಗುತ್ತದೆ. ಕೊಕ್ಕೆ ಹಾಕಿಸಿ, ಚಿನ್ನದ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ಹೆಚ್ಚಾದಷ್ಟನ್ನು ಅರದಿಂದ ಉಜ್ಜಿ ತೆಗೆಯಿರಿ. ಖರ್ಚು ಬೇಡವೆಂದರೆ ಮರಳು ತುಂಬಿದ ಡಬ್ಬಿಗೆ ಗಟ್ಟಿ ತಂತಿಯ ಕೊಕ್ಕೆ ಕಟ್ಟಿದರೂ ನಡೆದೀತು. ನೀರಿನ ಬಾಟಲಿ ಬೇಡ, ಒಳಗೆ ನೀರು ತುಳುಕುತ್ತದೆ.

ಖಾಲಿ ಮಾಡಿ, ಗಾಳಿ ತುಂಬಿ

ಒಳಗೆ ಪೆಲೆಟ್ (ಏರ್ ಪಿಸ್ತೂಲಿನ ಪುಟ್ಟ ಗುಂಡು) ಇಲ್ಲವೆಂದು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಿ. ಆಮೇಲೆ ನಿಜವಾಗಿ ಗುಂಡು ಹೊಡೆಯುವಾಗ ಮಾಡುವಂತೆಯೇ ಗಾಳಿ ಸಜ್ಜುಗೊಳಿಸಿ. ಒಣ ಅಭ್ಯಾಸದ, ಅಂದರೆ ಗುಂಡು-ಗಾಳಿ ಇಲ್ಲದೆ ಬರೀ ಟ್ರಿಗರ್ ಎಳೆಯುವ ಸ್ಥಿತಿಯಲ್ಲಿಟ್ಟು ಅಳೆದ ಲೆಕ್ಕ ತಪಾಸಣೆಯಲ್ಲಿ ನಡೆಯುವುದಿಲ್ಲ. ಗಾಳಿಯ ಒತ್ತಡ ಇರುವಾಗಲೇ ಅಳೆಯಬೇಕೆಂಬುದು ನಿಯಮ. ಅಳೆಯುವಾಗ ನಳಿಗೆ ಮೇಲ್ಮುಖವಾಗಿರುತ್ತದೆ, ಕೊಕ್ಕೆ ನೋಡಲು ಬಗ್ಗಿದವರ ಮುಖ ಅದರ ಬಾಯಿಗೇ ಬರುತ್ತದೆ. ಪಕ್ಕದಿಂದ ನೋಡಿ.

ಎತ್ತುವುದು

ಕೆಡುವುದೆಲ್ಲ ಇಲ್ಲಿಯೇ. ಬಟ್ಟನ್ನು ಸಮತಟ್ಟಾದ ಮೇಜಿನ ಮೇಲಿಡಿ. ಪಿಸ್ತೂಲನ್ನು ಅದರ ಮೇಲೆ ನಳಿಗೆ ನೆಟ್ಟಗೆ ನಿಲ್ಲುವಂತೆ ಹಿಡಿದು, ಕೊಕ್ಕೆಯನ್ನು ಟ್ರಿಗರ್‌ನ ನಡುಭಾಗಕ್ಕೆ ತಗುಲಿಸಿ.

‘ನಡುಭಾಗ’ ಎಂಬುದನ್ನು ಹಗುರವಾಗಿ ಎಣಿಸಬೇಡಿ. ಟ್ರಿಗರ್ ಒಂದು ಸನ್ನೆಕೋಲು. ಸಾಮಾನ್ಯವಾಗಿ ಅದರ ಕೀಲು ಮೇಲ್ಭಾಗದಲ್ಲಿರುತ್ತದೆ. ಕೀಲಿನಿಂದ 20 ಮಿ.ಮೀ. ದೂರದಲ್ಲಿ 500 ಗ್ರಾಂಗೆ ಬಿಟ್ಟುಕೊಳ್ಳುವ ಟ್ರಿಗರ್, 25 ಮಿ.ಮೀ. ದೂರದ ತುದಿಗೆ ಕೊಕ್ಕೆ ಹಾಕಿದರೆ 400 ಗ್ರಾಂಗೇ ಬಿಟ್ಟುಕೊಳ್ಳುತ್ತದೆ. ಕೀಲಿನ ಹತ್ತಿರಕ್ಕೆ ಸರಿಸಿದರೆ ಹಗುರ ಟ್ರಿಗರ್ ಕೂಡ ಪಾಸಾದಂತೆ ಕಾಣುತ್ತದೆ. ಟ್ರಿಗರ್ ಮೇಲೆ ಮಾರ್ಕರ್‌ನಿಂದ ಒಂದು ಚುಕ್ಕಿ ಇಟ್ಟುಕೊಂಡು ಪ್ರತಿ ಬಾರಿ ಅಲ್ಲಿಗೇ ಕೊಕ್ಕೆ ಹಾಕಿ.

ಇನ್ನು ಓರೆ. ನಳಿಗೆ 20 ಡಿಗ್ರಿ ವಾಲಿದರೂ ಟ್ರಿಗರ್ ಎಳೆಯುವ ದಿಕ್ಕಿನಲ್ಲಿ ಬೀಳುವ ಭಾರ 470 ಗ್ರಾಂಗೆ ಇಳಿಯುತ್ತದೆ. ಮನೆಯಲ್ಲಿ 480 ಗ್ರಾಂ ಟ್ರಿಗರ್ ‘ಐನೂರು ತಡೆಯುವುದು’ ಹೀಗೆ. ಕೊಕ್ಕೆ ಟ್ರಿಗರ್ ಸುತ್ತಲ ಬಳೆಗೆ ತಾಗಿದರೂ ಇದೇ ಮೋಸ, ಭಾರದ ಒಂದು ಪಾಲನ್ನು ಬಳೆ ಹೊತ್ತಿರುತ್ತದೆ. ಹಿಂದೆ ಬಿಳಿ ಕಾಗದ ಹಿಡಿದು ನೋಡಿದರೆ ಸಂದು ಕಾಣುತ್ತದೆ.

ಈಗ ನಿಧಾನ. ಕೊಕ್ಕೆ ಬಿಗಿಯಾಗುವವರೆಗೆ ಏರಿಸಿ, ಅಲ್ಲಿ ನಿಲ್ಲಿಸಿ. ಟ್ರಿಗರ್‌ನ ಸಡಿಲವಾದ ಮೊದಲ ಹಂತ ಒಳಗೆ ಹೋಗಿ, ಬಿಗಿಯಾದ ಎರಡನೆಯ ಹಂತಕ್ಕೆ ಗೋಡೆಗೆ ತಾಗಿದಂತೆ ತಾಗಿದ್ದು ಕೈಗೆ ತಿಳಿಯುತ್ತದೆ. ಅಲ್ಲಿಂದ ಬಟ್ಟು ಮೇಜು ಬಿಡುವವರೆಗೆ ಉಸಿರು ಬಿಗಿಹಿಡಿದು ಎತ್ತಿ. ಗುರುತ್ವದ ಹತ್ತನೇ ಒಂದು ಪಾಲಿನಷ್ಟು ವೇಗೋತ್ಕರ್ಷ ಸೇರಿದರೂ 500 ಗ್ರಾಂ ಬಟ್ಟು 550 ಗ್ರಾಂ ಆಗಿ ಜಗ್ಗುತ್ತದೆ. ಆಗ ನಿಯಮಕ್ಕೆ ಸರಿಯಾಗಿದ್ದ ಟ್ರಿಗರ್ ಕೂಡ ಟಪ್ಪೆಂದು ಬಿಟ್ಟುಕೊಳ್ಳುತ್ತದೆ. ಗಾಬರಿಯಾದ ಹುಡುಗ ಸ್ಕ್ರೂಡ್ರೈವರ್ ಹಿಡಿದು ಬಿಗಿ ಮಾಡುತ್ತಾನೆ, ಮರುದಿನ ಅವನ ಗುಂಡುಗಳು ಕೆಳಗೆ ಬೀಳುತ್ತವೆ. ತಪಾಸಣೆಯಲ್ಲಿ ಮೂರು ಬಾರಿ ಎತ್ತಲು ಅವಕಾಶವಿದೆ. ಮನೆಯಲ್ಲಿ ಒಂದೇ ಸಲಕ್ಕೆ ಬರುವಂತೆ ರೂಢಿಸಿಕೊಳ್ಳಿ.

ಎಷ್ಟಕ್ಕೆ ಇಡಬೇಕು?

ಸರಿಯಾಗಿ 500ಕ್ಕೆ ಇಡುವುದು ಜಾಣತನವಲ್ಲ. ನಾನು ಹೇಳುವುದು 515. ಚಿನ್ನದ ಅಂಗಡಿಯಲ್ಲೇ ತೂಗಿಸಿದ 5 ಗ್ರಾಂನ ವಾಷರ್‌ಗಳನ್ನು ಬಟ್ಟಿನ ಮೇಲೆ ಒಂದೊಂದಾಗಿ ಹಾಕುತ್ತ ಹೋಗಿ. ಯಾವ ವಾಷರ್‌ಗೆ ಬಿಟ್ಟುಕೊಂಡಿತೋ ಅಲ್ಲಿಯವರೆಗಿನ ಬಟ್ಟು, ವಾಷರ್‌ಗಳ ಒಟ್ಟು ಭಾರವೇ ನಿಮ್ಮ ಟ್ರಿಗರ್‌ನ ನಿಜವಾದ ತೂಕ. ನಾಣ್ಯ ಬಳಸಬೇಡಿ, ಒಂದೇ ಬೆಲೆಯ ನಾಣ್ಯಗಳೂ ಸರಣಿಯಿಂದ ಸರಣಿಗೆ ಬೇರೆ ಬೇರೆ ತೂಗುತ್ತವೆ. ಸ್ಕ್ರೂ ತಿರುಗಿಸುವ ಮುನ್ನ ಪಿಸ್ತೂಲಿನ ಕೈಪಿಡಿ ಓದಿ. ಮೊದಲ ಹಂತಕ್ಕೊಂದು, ಎರಡನೆಯ ಹಂತಕ್ಕೊಂದು ಸ್ಕ್ರೂ ಇರುತ್ತದೆ, ನಿಯಮ ನೋಡುವುದು ಎರಡರ ಒಟ್ಟು ಮೊತ್ತವನ್ನು. ಕಾಲು ಸುತ್ತಿಗಿಂತ ಹೆಚ್ಚು ಒಮ್ಮೆಗೇ ತಿರುಗಿಸಬೇಡಿ. ಮಳೆಗಾಲದ ತುಕ್ಕಿಗೆ ಹೆದರಿ ಟ್ರಿಗರ್ ಒಳಗೆ ಹೊಲಿಗೆ ಯಂತ್ರದ ಎಣ್ಣೆ ಸುರಿಯುವುದಂತೂ ಬೇಡವೇ ಬೇಡ. ಅದು ಧೂಳು ಹಿಡಿದು ಅಂಟಾಗುತ್ತದೆ, ತೂಕ ದಿನಕ್ಕೊಂದು ಥರ ಆಗುತ್ತದೆ.

ಹೊಂದಿಸಿದ ಮೇಲೆ ಹತ್ತಿಪ್ಪತ್ತು ಗುಂಡು ಹೊಡೆದು ಮತ್ತೆ ಅಳೆಯಿರಿ, ಸ್ಕ್ರೂ ಕುಳಿತುಕೊಳ್ಳುವಾಗ ತುಸು ಸರಿಯುವುದುಂಟು. ಸ್ಪರ್ಧೆ ಮುಗಿದ ಮೇಲೂ ಕೆಲವರನ್ನು ಆರಿಸಿ ಮರುತಪಾಸಣೆ ಮಾಡುತ್ತಾರೆ, ಅಲ್ಲಿ ಸೋತರೆ ಅನರ್ಹತೆಯೇ ಗತಿ. ಆಟಗಾರರು ತಾವೇ ಪರೀಕ್ಷಿಸಿಕೊಳ್ಳಲು ರೇಂಜಿನಲ್ಲಿ ಅಧಿಕೃತ ಬಟ್ಟು ಇಟ್ಟಿರಬೇಕೆಂದು ನಿಯಮವೇ ಹೇಳುತ್ತದೆ. ಸರದಿಯಲ್ಲಿ ನಿಲ್ಲುವ ಮೊದಲು ಅದನ್ನು ಕೇಳಿ ಪಡೆದು ಒಮ್ಮೆ ಎತ್ತಿ ನೋಡಿ. ನಿಮ್ಮ ಹಿತ್ತಾಳೆ ಬಟ್ಟಿಗೂ ಅದಕ್ಕೂ ವ್ಯತ್ಯಾಸ ಕಂಡರೆ ಅವರದ್ದನ್ನೇ ನಂಬಿ.